ಕಾರ್ಬೋರೇಟರ್ ಝೆನ್: ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ ಏರಿಳಿದು ಆಫ್ ಆಗುತ್ತದೆ

ಕಡಲತಡಿ ಝೆನ್ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಗಾಡಿ 1998ರ ಮಾರುತಿ ಝೆನ್, ಕಾರ್ಬೋರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಮಾಡೆಲ್. ಮಾವನ ಗಾಡಿ, ಇಷ್ಟು ವರ್ಷ ಬೆಂಗಳೂರಿನಲ್ಲಿತ್ತು. ಅವರು ಓಡಿಸುವುದು ಬಿಟ್ಟ ಮೇಲೆ ಬಹಳ ಕಾಲ ಸುಮ್ನೆ ನಿಂತಿತ್ತು. ಈಗ ಮಂಗಳೂರಿಗೆ ತಂದಿದ್ದೇನೆ.

ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಚೆನ್ನಾಗಿ ಓಡುತ್ತದೆ. ಬಿಸಿ ಆದ ಮೇಲೆ ಕಥೆ ಶುರು. ಸಿಗ್ನಲ್‌ನಲ್ಲಿ ಕಾಲು ತೆಗೆದರೆ, ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಆಮೇಲೆ ಆಫ್. ಎಸಿ ಹಾಕಿದರೆ ಇನ್ನೂ ಬೇಗ ಆಫ್. ಹೈವೇಯಲ್ಲಿ ಏನೂ ತೊಂದರೆ ಇಲ್ಲ, ಪಿಕಪ್ ಕೂಡ ಪರವಾಗಿಲ್ಲ. ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯೇ ಗತಿ.

ಇಲ್ಲಿನ ಒಬ್ಬ ಮೆಕ್ಯಾನಿಕ್ ಕಾರ್ಬೋರೇಟರ್ ಬಿಚ್ಚಿ ತೊಳೆದರು, ಪ್ಲಗ್ ಹೊಸದು ಹಾಕಿದರು, ಐಡ್ಲಿಂಗ್ ಸ್ಕ್ರೂ ಜಾಸ್ತಿ ಮಾಡಿ ಕೊಟ್ಟರು. ಎರಡು ದಿನ ಸರಿ ಇತ್ತು, ಮತ್ತೆ ಅದೇ ರಾಗ. ಈಗ "ಕಾರ್ಬೋರೇಟರ್ ಹೋಗಿದೆ, ಹೊಸದು ಹಾಕಿ" ಎನ್ನುತ್ತಿದ್ದಾರೆ. ಹಾಕಿಸಲಾ?

ಪ್ಲಗ್ ಪುಟ್ಟ (ಮೈಸೂರು)

ಹಾಕಿಸಬೇಡಿ ಸರ್. ಈ ಗಾಡಿಗೆ ಒಳ್ಳೆಯ ಹೊಸ ಕಾರ್ಬೋರೇಟರ್ ಸಿಗುವುದೇ ಕಷ್ಟ. ಅಂಗಡಿಯಲ್ಲಿ ಸಿಗುವ ಡೂಪ್ಲಿಕೇಟ್‌ಗಿಂತ ನಿಮ್ಮ ಹಳೆಯದೇ ಮೇಲು. ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಮತ್ತೆ ಕಟ್ಟಿಕೊಂಡಿರಬಹುದು. ಬಹಳ ಕಾಲ ನಿಂತ ಗಾಡಿ ಅಲ್ವಾ, ಟ್ಯಾಂಕ್‌ನಲ್ಲಿ ಕಸ ಇರುತ್ತದೆ. ಟ್ಯಾಂಕ್ ತೊಳೆಸಿ, ಪೆಟ್ರೋಲ್ ಫಿಲ್ಟರ್ ಹಾಕಿಸಿ, ಆಮೇಲೆ ನೋಡಿ.

ಹುಬ್ಬಳ್ಳಿ ಕಾಕಾ

ಇದು ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲ್ ಕಾಟ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಅಲ್ವೇನ್ರೀ ಅದನ್ನು ಬಿಡುಗಡೆ ಮಾಡಿದ್ದು. ಈಗ ಯಾವ ಬಂಕ್‌ಗೆ ಹೋದರೂ ಅದೇ. 98ರ ಗಾಡಿಯ ಜೆಟ್ ಅಳತೆ ಮಾಡಿದ್ದು ಎಥನಾಲ್ ಇಲ್ಲದ ಪೆಟ್ರೋಲ್‌ಗೆ. ಅಪ್ಪಟ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್, ಅದೇ ಗಾಳಿ, ಆದರೆ ಇಂಜಿನ್‌ಗೆ ಮಿಕ್ಸ್ಚರ್ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಐಡ್ಲಿಂಗ್‌ನಲ್ಲಿ ಅದು ಮೊದಲು ಗೊತ್ತಾಗುತ್ತದೆ. ಕಾರ್ಬೋರೇಟರ್ ಇರುವ ಹೊಸ ಕಾರು ಯಾವುದೂ ಈಗ ಬರುವುದಿಲ್ಲ, ನಮ್ಮಂಥವರನ್ನು ಕೇಳುವವರು ಯಾರ್ರೀ.

ಗ್ರೀಸ್ ಕೈ (ಶಿವಮೊಗ್ಗ)

ಕಾಕಾ ಹೇಳಿದ ಲೆಕ್ಕ ಸರಿ. ಆದರೆ ಇ20 ಒಂದೇ ಕಾರಣವಾದರೆ ರಾಜ್ಯದಲ್ಲಿರುವ ಎಲ್ಲ ಹಳೇ ಝೆನ್, ಎಲ್ಲ 800 ಸಿಗ್ನಲ್‌ನಲ್ಲಿ ಆಫ್ ಆಗಬೇಕಿತ್ತು. ಆಗುತ್ತಿಲ್ಲ. ಬೇರೆ ಏನೋ ಇದೆ, ಇ20 ಅದಕ್ಕೆ ಜೊತೆ ಸೇರಿಕೊಂಡಿದೆ.

ಮಂಗಳೂರಿನ ತಮ್ಮ, ಎರಡು ಮಾತು. ಒಂದು, ಇನ್ನು ಮುಂದೆ ಯಾರಿಗೂ ಸ್ಕ್ರೂ ಮುಟ್ಟಲು ಬಿಡಬೇಡ. ಐಡ್ಲಿಂಗ್ ತೊಂದರೆಗೆ ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸ. ಎರಡು, ನೀನು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ತಣ್ಣಗಿದ್ದಾಗ ಚೋಕ್ ಎಳೆದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಆಗ ಸರಿ ಇದೆ. ಚೋಕ್ ಒಳಗೆ ಹಾಕಿದ ಮೇಲೆ ಕೆಡುತ್ತದೆ. ಹೈವೇಯಲ್ಲಿ ಸರಿ ಇದೆ, ಐಡ್ಲಿಂಗ್‌ನಲ್ಲಿ ಮಾತ್ರ ಇಲ್ಲ. ಕಾರ್ಬೋರೇಟರ್ ತೊಳೆದ ಮೇಲೂ ಹೀಗೇ ಇದ್ದರೆ ನನ್ನ ಅನುಮಾನ ಗಾಳಿಯ ಮೇಲೆ. ಕಾರ್ಬೋರೇಟರ್ ಬಾಯಿಯಿಂದ ಬರಬೇಕಾದ ಗಾಳಿ ಬೇರೆ ಎಲ್ಲಿಂದಲೋ ಕದ್ದು ಒಳಗೆ ಹೋಗುತ್ತಿದೆ.

ಹೈವೇಯಲ್ಲಿ ಯಾಕೆ ಗೊತ್ತಾಗುವುದಿಲ್ಲ ಅಂದರೆ, ಆಗ ಥ್ರಾಟಲ್ (ಆಕ್ಸಿಲರೇಟರ್ ತುಳಿದರೆ ತೆರೆಯುವ ಗಾಳಿಯ ಬಾಗಿಲು) ತೆರೆದಿರುತ್ತದೆ, ಇಂಜಿನ್ ರಾಶಿ ಗಾಳಿ ಎಳೆಯುತ್ತದೆ. ಅದರ ಮುಂದೆ ಒಂದು ಸಣ್ಣ ತೂತಿನ ಗಾಳಿ ಲೆಕ್ಕಕ್ಕಿಲ್ಲ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಮ್ಯಾನಿಫೋಲ್ಡ್ (ಕಾರ್ಬೋರೇಟರ್‌ನಿಂದ ಸಿಲಿಂಡರ್‌ಗೆ ಹೋಗುವ ಕೊಳವೆ) ಒಳಗೆ ವ್ಯಾಕ್ಯೂಮ್, ಅಂದರೆ ಎಳೆತ, ಜೋರಾಗಿರುತ್ತದೆ. ತೂತು ಆಗಲೇ ಎಳೆಯುವುದು.

ಮೊದಲು ಇದು ಮಾಡು. ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚು. ಮತ್ತೆ ಸ್ಟಾರ್ಟ್ ಮಾಡಿ ಸದ್ದು ಏರಿಳಿಯುವಾಗ ಒಂದು ಗಟ್ಟಿ ರಟ್ಟಿನಿಂದ ಕಾರ್ಬೋರೇಟರ್ ಬಾಯನ್ನು ನಿಧಾನಕ್ಕೆ ಅರ್ಧ ಮುಚ್ಚು. ಕೈ ಇಡಬೇಡ, ಬ್ಯಾಕ್‌ಫೈರ್ ಆದರೆ ಸುಡುತ್ತದೆ. ಐಡ್ಲಿಂಗ್ ಸರಿಯಾದರೆ ಲೀನ್. ಇನ್ನೂ ಕೆಟ್ಟರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಅಷ್ಟು ಹೇಳು, ಮುಂದೆ ನೋಡೋಣ.

ಪ್ಲಗ್ ಪುಟ್ಟ (ಮೈಸೂರು)

ಪ್ಲಗ್ ವಯರ್ ಕೂಡ ನೋಡಲಿ ಅಣ್ಣ. ಕರೆಂಟ್ ವೀಕ್ ಇದ್ದರೂ ಹೀಗೇ ಆಗುತ್ತದೆ.

ಗ್ರೀಸ್ ಕೈ (ಶಿವಮೊಗ್ಗ)

ನೋಡಲಿ, ತಪ್ಪೇನಿಲ್ಲ. ನಾಲ್ಕು ಸಿಲಿಂಡರ್‌ನ ವಯರ್ ಒಂದೊಂದಾಗಿ ಕಳಚಿ ನೋಡಬೇಕು. ಕಳಚಿದ ವಯರ್ ತುದಿಯನ್ನು ಬೇರೆ ಪ್ಲಗ್‌ಗೆ ಸಿಕ್ಕಿಸಿ ಬಾಡಿಗೆ ತಾಗಿಸಿ ಇಡಬೇಕು, ಗಾಳಿಯಲ್ಲಿ ನೇತಾಡಿಸಿದರೆ ಕಾಯಿಲ್‌ಗೆ ಪೆಟ್ಟು. ಕಳಚುವುದು ಇಂಜಿನ್ ಆಫ್ ಮಾಡಿಯೇ. ಒಂದನ್ನು ಕಳಚಿದಾಗ ಸದ್ದಿನಲ್ಲಿ ವ್ಯತ್ಯಾಸವೇ ಆಗದಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಆಗ ಪ್ಲಗ್, ವಯರ್, ಟ್ಯಾಪೆಟ್, ಕಂಪ್ರೆಶನ್ ನೋಡಬೇಕು. ನಾಲ್ಕಕ್ಕೂ ಒಂದೇ ಥರ ಸದ್ದು ಬಿದ್ದರೆ ತೊಂದರೆ ಎಲ್ಲಕ್ಕೂ ಸೇರಿದ ಕಡೆ ಇದೆ.

ಕಡಲತಡಿ ಝೆನ್ (ಮಂಗಳೂರು)

ಗ್ರೀಸಣ್ಣ, ಮಾಡಿ ನೋಡಿದೆ. ರಟ್ಟು ಅರ್ಧ ಮುಚ್ಚಿದ ಕೂಡಲೇ ಇಂಜಿನ್ ಶಾಂತ. ತೆಗೆದರೆ ಮತ್ತೆ ಏರಿಳಿತ. ನಾಲ್ಕು ಸಿಲಿಂಡರ್‌ಗೂ ಒಂದೇ ರೀತಿ ಸದ್ದು ಬೀಳುತ್ತದೆ. ಲೀನ್ ಅಂತ ಆಯ್ತಲ್ಲ. ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಬಿಚ್ಚಿ ಪೆಟ್ರೋಲ್ ಜಾಸ್ತಿ ಮಾಡಿದರೆ ಮುಗಿಯಿತಲ್ವಾ?

ಗ್ರೀಸ್ ಕೈ (ಶಿವಮೊಗ್ಗ)

ಮುಗಿಯುವುದಿಲ್ಲ ಮಾರಾಯ. ತೂತು ಬಿದ್ದ ಕಡೆ ಮುಚ್ಚದೆ ಪೆಟ್ರೋಲ್ ಜಾಸ್ತಿ ಸುರಿದರೆ ಮೈಲೇಜ್ ಹೋಗುತ್ತದೆ, ತೂತು ದೊಡ್ಡದಾದಂತೆ ಮತ್ತೆ ಕೆಡುತ್ತದೆ. ನಿನ್ನ ಮೆಕ್ಯಾನಿಕ್ ಮಾಡಿದ್ದು ಆಫ್ ಆಗದಂತೆ ಐಡ್ಲಿಂಗ್ ಎತ್ತಿದ್ದು ಅಷ್ಟೇ.

ಇನ್ನೊಂದು ವಿಷಯ. ಗಾಡಿ ಇಷ್ಟು ವರ್ಷ ಬೆಂಗಳೂರಿನಲ್ಲಿತ್ತು ಎಂದೆಯಲ್ಲ. ಅದು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ. ಅಲ್ಲಿ ಗಾಳಿ ತೆಳು. ಅಲ್ಲಿಗೆ ಸರಿಯಾಗಿ ಸೆಟ್ ಮಾಡಿದ ಕಾರ್ಬೋರೇಟರ್ ಕೆಳಗೆ ಮಂಗಳೂರಿಗೆ ಬಂದರೆ ದಟ್ಟ ಗಾಳಿಗೆ ಸ್ವಲ್ಪ ಲೀನ್ ಆಗುತ್ತದೆ. ಕಂಪ್ಯೂಟರ್ ಇರುವ ಗಾಡಿ ತಾನೇ ಸರಿ ಮಾಡಿಕೊಳ್ಳುತ್ತದೆ, ಇದಕ್ಕೆ ಆ ಬುದ್ಧಿ ಇಲ್ಲ. ಹಳೇ ಕಾಲದಲ್ಲಿ ಘಟ್ಟ ಇಳಿದು ಬಂದ ಗಾಡಿಗಳನ್ನು ಮಂಗಳೂರಿನ ಗ್ಯಾರೇಜುಗಳಲ್ಲಿ ಟ್ಯೂನ್ ಮಾಡಿಸಿಕೊಳ್ಳುತ್ತಿದ್ದರು. ಮಡಿಕೇರಿ ಕಡೆಯವರಿಗೆ ಇದರ ಉಲ್ಟಾ. ಕೆಳಗೆ ಟ್ಯೂನ್ ಮಾಡಿಸಿ ಮೇಲೆ ಹೋದರೆ ರಿಚ್ ಆಗಿ ಪ್ಲಗ್ ಕಪ್ಪಾಗುತ್ತಿತ್ತು.

ಹಾಗಾಗಿ ನಿನ್ನ ಗಾಡಿಗೆ ಊರು ಬದಲಾಗಿದ್ದು, ಇ20, ಗಾಳಿ ಲೀಕ್ ಇದ್ದರೆ ಅದೂ, ಮೂರೂ ಒಂದೇ ಕಡೆಗೆ ಎಳೆಯುತ್ತಿವೆ. ಮೊದಲೆರಡಕ್ಕೆ ಸ್ಕ್ರೂ ಔಷಧ. ಮೂರನೆಯದಕ್ಕೆ ಅಲ್ಲ. ಅದನ್ನು ಮೊದಲು ಹುಡುಕು.

ಸುಮ್ನೆ ಓದುಗ

ಊದುಬತ್ತಿ ಹಚ್ಚಿ ಮ್ಯಾನಿಫೋಲ್ಡ್ ಸುತ್ತ ಹಿಡಿಯಿರಿ. ಎಲ್ಲಿ ಹೊಗೆ ಒಳಗೆ ಎಳೆಯುತ್ತದೋ ಅಲ್ಲಿ ಲೀಕ್. ನಮ್ಮ ಊರಲ್ಲಿ ಹೀಗೇ ಹುಡುಕುವುದು.

ಹುಬ್ಬಳ್ಳಿ ಕಾಕಾ

ಏನ್ರೀ ನೀವು! ಏರ್ ಫಿಲ್ಟರ್ ಬಿಚ್ಚಿದ ಕಾರ್ಬೋರೇಟರ್ ಪಕ್ಕ ಬೆಂಕಿ ಹಿಡಿದು ನಿಲ್ಲುವುದಾ? ಪೂಜೆ ಮುಗಿಯುವ ಮುಂಚೆ ಮಂಗಳಾರತಿ ಆಗುತ್ತದೆ. ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಹೊಡೆಯುವವರೂ ಇದ್ದಾರೆ, ಅದೂ ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಗಿಡಕ್ಕೆ ಹೊಡೆಯುವ ನೀರಿನ ಸ್ಪ್ರೇ ಬಾಟಲಿ ಸಾಕು. ಗ್ಯಾಸ್ಕೆಟ್ ಜೋಡಣೆ, ಪೈಪ್ ತುದಿಗೆ ಸ್ವಲ್ಪ ಸ್ವಲ್ಪ ಹೊಡೆಯಿರಿ. ಲೀಕ್ ಇರುವ ಕಡೆ ನೀರು ಆ ಕ್ಷಣಕ್ಕೆ ತೂತು ಮುಚ್ಚುತ್ತದೆ, ಸದ್ದು ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಮೇಲೆ ಮಾತ್ರ ನೀರು ಬೀಳಬಾರದು.

ಇನ್ನೂ ಒಳ್ಳೆಯದು ವ್ಯಾಕ್ಯೂಮ್ ಗೇಜ್. ಮ್ಯಾನಿಫೋಲ್ಡ್‌ನ ಒಂದು ಪೈಪ್‌ಗೆ ಜೋಡಿಸಿ ಐಡ್ಲಿಂಗ್‌ನಲ್ಲಿ ನೋಡಿ. ಸಮುದ್ರ ಮಟ್ಟದಲ್ಲಿ ಆರೋಗ್ಯವಾದ ಇಂಜಿನ್‌ಗೆ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ಬರಬೇಕು, ಮುಳ್ಳು ಅಲ್ಲಾಡಬಾರದು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಮ್ಮಿ ಅಂತ ಲೆಕ್ಕ. ಬೆಂಗಳೂರಿನಲ್ಲಿ 15 ಬಂದರೆ ಚಿಂತೆ ಇಲ್ಲ, ಮಂಗಳೂರಿನಲ್ಲಿ 15 ಬಂದರೆ ಏನೋ ಇದೆ.

ಮುಳ್ಳು ಕೆಳಗೆ ಇದ್ದು ಅಲ್ಲಾಡದಿದ್ದರೆ ಗಾಳಿ ಲೀಕ್, ಇಲ್ಲವೇ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದೆ. ಒಂದೇ ತಾಳದಲ್ಲಿ ಮತ್ತೆ ಮತ್ತೆ ಕೆಳಗೆ ಕುಕ್ಕಿದರೆ ಯಾವುದೋ ಒಂದು ವಾಲ್ವ್ ಕೂರುತ್ತಿಲ್ಲ. ನಿಧಾನಕ್ಕೆ ಮೇಲೆ ಕೆಳಗೆ ತೇಲಾಡಿದರೆ ಮಿಕ್ಸ್ಚರ್.

ಕಡಲತಡಿ ಝೆನ್ (ಮಂಗಳೂರು)

ಗೆಳೆಯನ ಗ್ಯಾರೇಜಿನಲ್ಲಿ ಗೇಜ್ ಸಿಕ್ಕಿತು. 13 ಇಂಚು. ಸದ್ದು ಏರಿಳಿಯುವಾಗ ಸ್ವಲ್ಪ ತೇಲುತ್ತದೆ, ಆದರೆ 14ರ ಮೇಲೆ ಹೋಗುವುದೇ ಇಲ್ಲ. ಟೈಮಿಂಗ್ ಲೈಟ್ ಹಾಕಿ ನೋಡಿದರು, ಗುರುತು ಸರಿಯಾಗಿಯೇ ಇದೆ. ನೀರು ಹೊಡೆದು ನೋಡಿದೆವು. ಕಾರ್ಬೋರೇಟರ್ ಬುಡ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಎರಡರಲ್ಲೂ ಏನೂ ಬದಲಾವಣೆ ಇಲ್ಲ.

ಗ್ರೀಸ್ ಕೈ (ಶಿವಮೊಗ್ಗ)

13 ಅಂದರೆ ಲೀಕ್ ಇದ್ದೇ ಇದೆ. ಗ್ಯಾಸ್ಕೆಟ್ ಸರಿ ಇದ್ದರೆ ಉಳಿದದ್ದು ಪೈಪುಗಳು. ಬ್ರೇಕ್ ಬೂಸ್ಟರ್‌ಗೆ (ಬ್ರೇಕ್ ಹಗುರ ಮಾಡುವ ಡಬ್ಬಿ) ಹೋಗುವ ದಪ್ಪ ಪೈಪ್, ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್, ಪಿಸಿವಿ (ಇಂಜಿನ್ ಒಳಗಿನ ಹೊಗೆಯನ್ನು ಮತ್ತೆ ಎಳೆದುಕೊಳ್ಳುವ ಪೈಪ್), ಎಸಿ ಹಾಕಿದಾಗ ಐಡ್ಲಿಂಗ್ ಏರಿಸುವ ಐಡಲ್‌ಅಪ್ ಪೈಪ್. ಒಂದೊಂದನ್ನು ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಮೆಲ್ಲಗೆ ಅದುಮು. ಗೇಜ್ ಮೇಲೇ ಕಣ್ಣಿರಲಿ. ಯಾವುದನ್ನು ಅದುಮಿದಾಗ ಮುಳ್ಳು ಏರುತ್ತದೋ ಲೀಕ್ ಆ ಪೈಪಿನಲ್ಲಿ ಅಥವಾ ಅದರ ಆಚೆ ತುದಿಯಲ್ಲಿ. ಪಿಸಿವಿ ಪೈಪ್ ಅದುಮಿದರೆ ಒಂಚೂರು ಬದಲಾಗುವುದು ಸಹಜ, ಅದಕ್ಕೆ ಮೋಸ ಹೋಗಬೇಡ.

ಬ್ರೇಕ್ ತುಳಿದಾಗ ಸದ್ದು ಬದಲಾಗುತ್ತದಾ? ತುಳಿದು ಹಿಡಿದಷ್ಟು ಹೊತ್ತೂ ಇಂಜಿನ್ ಒದ್ದಾಡಿದರೆ ಬೂಸ್ಟರ್ ಒಳಗಿನ ರಬ್ಬರ್ ಹರಿದಿದೆ. ಹಾಗಿದ್ದರೆ ಗಾಡಿ ಓಡಿಸುವುದು ನಿಲ್ಲಿಸು.

ಮತ್ತೆ ಒಂದು ಪ್ರಶ್ನೆ. ಈ ಗಾಡಿಗೆ ಎಂದಾದರೂ ಎಲ್‌ಪಿಜಿ ಕಿಟ್ ಹಾಕಿಸಿದ್ದರಾ? ಬೆಂಗಳೂರಿನ ಹಳೇ ಝೆನ್‌ಗಳಲ್ಲಿ ಸುಮಾರು ಗಾಡಿಗೆ ಇತ್ತು.

ಆಲ್ಟೊ ಅಕ್ಕ (ತುಮಕೂರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನದು 2006ರ ಆಲ್ಟೊ, ಎಂಪಿಎಫ್‌ಐ (ಕಾರ್ಬೋರೇಟರ್ ಇಲ್ಲ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್). ಅದರ ಐಡ್ಲಿಂಗ್ ಇಳಿಯುವುದೇ ಇಲ್ಲ, ಜಾಸ್ತಿಯಲ್ಲೇ ನಿಂತಿರುತ್ತದೆ. ಆಗಾಗ ತಾನೇ ಏರಿ ಇಳಿಯುತ್ತದೆ. ನಾನೂ ಈ ಸ್ಕ್ರೂ, ರಟ್ಟಿನ ಪರೀಕ್ಷೆ ಎಲ್ಲ ಮಾಡಬಹುದಾ?

ಗ್ರೀಸ್ ಕೈ (ಶಿವಮೊಗ್ಗ)

ಬೇಡ ಅಕ್ಕ, ನಿಮ್ಮ ಗಾಡಿಯ ದಾರಿ ಬೇರೆ. ಅದರಲ್ಲಿ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಕದ್ದ ಗಾಳಿ ಒಳಗೆ ಹೋದರೆ ಒತ್ತಡ ಏರುತ್ತದೆ, ಇಸಿಎಂ (ಗಾಡಿಯ ಕಂಪ್ಯೂಟರ್) ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಟ್ಟುಬಿಡುತ್ತದೆ. ಹಾಗಾಗಿ ಕಾರ್ಬೋರೇಟರ್ ಗಾಡಿ ಆಫ್ ಆಗುವ ಲೀಕ್‌ಗೆ ನಿಮ್ಮ ಗಾಡಿ ಜೋರಾಗಿ ಓಡುತ್ತದೆ. ತೊಂದರೆ ಒಂದೇ, ಲಕ್ಷಣ ಉಲ್ಟಾ.

ಮೊದಲು ಥ್ರಾಟಲ್ ಬಾಡಿ ಕಪ್ಪಾಗಿದೆಯಾ ನೋಡಿಸಿ. ಅದರ ಪಕ್ಕದ ಐಡಲ್ ವಾಲ್ವ್ ಕಾರ್ಬನ್ ಹಿಡಿದು ತೆರೆದೇ ಅಂಟಿಕೊಂಡಿದ್ದರೂ ಹೀಗೇ ಆಗುತ್ತದೆ. ಕೂಲೆಂಟ್ ಸೆನ್ಸರ್ ಕೆಟ್ಟು "ಇಂಜಿನ್ ಇನ್ನೂ ತಣ್ಣಗಿದೆ" ಎಂದು ಸುಳ್ಳು ಹೇಳುತ್ತಿದ್ದರೂ ಐಡ್ಲಿಂಗ್ ಇಳಿಯುವುದಿಲ್ಲ. ಥ್ರಾಟಲ್‌ನ ಸ್ಟಾಪ್ ಸ್ಕ್ರೂ ಮಾತ್ರ ಯಾರೂ ಮುಟ್ಟಬಾರದು. ಚೆಕ್ ಇಂಜಿನ್ ಲೈಟ್ ಹತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ನೋಡಿಸಿ, ಆಮೇಲೆ ಹೊಸ ಪೋಸ್ಟ್ ಹಾಕಿ. ಇಲ್ಲಿ ಎರಡು ಗಾಡಿ ಸೇರಿದರೆ ಗೊಂದಲ.

ಆಲ್ಟೊ ಅಕ್ಕ (ತುಮಕೂರು)

ಸರಿ ಅಣ್ಣ, ಥ್ಯಾಂಕ್ಸ್. ಥ್ರಾಟಲ್ ಬಾಡಿಯಿಂದ ಶುರು ಮಾಡುತ್ತೇನೆ.

ಕಡಲತಡಿ ಝೆನ್ (ಮಂಗಳೂರು)

ಗ್ರೀಸಣ್ಣ, ನೀವು ಎಲ್‌ಪಿಜಿ ಎಂದ ಕೂಡಲೇ ಮಾವನಿಗೆ ಫೋನ್ ಮಾಡಿದೆ. ಹೌದಂತೆ! ಕಿಟ್ ಇತ್ತು, ಗ್ಯಾಸ್ ಸಿಲಿಂಡರ್ ಹಳೆಯದಾಯ್ತೆಂದು ತೆಗೆಸಿದ್ದರಂತೆ.

ಬಾನೆಟ್ ಒಳಗೆ ಬಗ್ಗಿ ನೋಡಿದರೆ ಅದರ ಕುರುಹು ಎಲ್ಲ ಹಾಗೇ ಉಂಟು. ಪೆಟ್ರೋಲ್ ಲೈನಿನಲ್ಲಿ ಕಿಟ್‌ನವರು ಹಾಕಿದ ಸೋಲೆನಾಯ್ಡ್ (ಕರೆಂಟ್ ವಾಲ್ವ್) ಇನ್ನೂ ಇದೆ. ಏರ್ ಫಿಲ್ಟರ್ ಕೆಳಗೆ ಗ್ಯಾಸ್ ಬೆರೆಸುವ ಮಿಕ್ಸರ್ ರಿಂಗ್ ಇದೆ. ಮ್ಯಾನಿಫೋಲ್ಡ್‌ನ ಹಿಂಬದಿ, ಸುಲಭಕ್ಕೆ ಕೈ ಹೋಗದ ಕಡೆ, ಬೆರಳುದ್ದದ ಒಂದು ರಬ್ಬರ್ ಪೈಪ್. ಅದರ ತುದಿಗೆ ಒಂದು ಸ್ಕ್ರೂ ತುರುಕಿ ಕ್ಲಿಪ್ ಹಾಕಿದ್ದಾರೆ. ರಬ್ಬರ್ ಸೆಟೆದು ಬುಡದಲ್ಲಿ ಉದ್ದಕ್ಕೆ ಸೀಳಿದೆ. ಬೆರಳಿನಿಂದ ಸೀಳು ಒತ್ತಿ ಹಿಡಿದ ಕೂಡಲೇ ಗೇಜ್ 18ಕ್ಕೆ ಹಾರಿತು, ಇಂಜಿನ್ ಕಿರುಚಿತು!

ಬ್ರೇಕ್ ತುಳಿದರೆ ಏನೂ ಬದಲಾಗುವುದಿಲ್ಲ, ಬೂಸ್ಟರ್ ಸರಿ ಇದೆ.

ಗ್ರೀಸ್ ಕೈ (ಶಿವಮೊಗ್ಗ)

ಅದೇ ಕಳ್ಳ. ಗ್ಯಾಸ್ ಕಿಟ್‌ನ ರೆಡ್ಯೂಸರ್‌ಗೆ (ಗ್ಯಾಸ್ ಒತ್ತಡ ಇಳಿಸುವ ಭಾಗ) ವ್ಯಾಕ್ಯೂಮ್ ಕೊಡಲು ಮ್ಯಾನಿಫೋಲ್ಡ್‌ನಲ್ಲಿ ತೂತು ಕೊರೆದು ನಿಪ್ಪಲ್ ಕೂರಿಸಿರುತ್ತಾರೆ. ಕಿಟ್ ತೆಗೆಯುವಾಗ ಸಿಲಿಂಡರ್ ತೆಗೆದು ದುಡ್ಡು ಎಣಿಸುತ್ತಾರೆ, ಈ ನಿಪ್ಪಲ್ ಯಾರಿಗೂ ನೆನಪಿರುವುದಿಲ್ಲ.

ಹೊಸ ರಬ್ಬರ್ ಹಾಕಬೇಡ. ನಿಪ್ಪಲ್ ಬಿಚ್ಚಿಸಿ ಅದೇ ಮರೆಯ (ಥ್ರೆಡ್‌ನ) ಬೋಲ್ಟ್ ಹುಡುಕಿ ತಾಮ್ರದ ವಾಷರ್ ಜೊತೆ ಟೈಟ್ ಮಾಡಿಸು. ಮ್ಯಾನಿಫೋಲ್ಡ್ ಅಲ್ಯೂಮಿನಿಯಂ, ಬಲ ಬಿಟ್ಟರೆ ಮರೆ ಹೋಗುತ್ತದೆ. ಮಿಕ್ಸರ್ ರಿಂಗ್ ತೆಗೆಸು, ಅದು ಸುಮ್ನೆ ಗಾಳಿಗೆ ಅಡ್ಡ. ಪೆಟ್ರೋಲ್ ಸೋಲೆನಾಯ್ಡ್ ಕೂಡ ತೆಗೆಸಿ ಲೈನ್ ನೇರ ಮಾಡಿಸು. ಕೂಲೆಂಟ್ ಪೈಪ್‌ಗೆ ಕಿಟ್‌ನವರು ಹಾಕಿದ ಟಿ ಜಾಯಿಂಟ್ ಇದ್ದರೆ ಅದನ್ನೂ. ಅದು ಒಡೆದರೆ ನೀರೆಲ್ಲ ಸೋರಿ ಹೆಡ್ ಗ್ಯಾಸ್ಕೆಟ್ ಖರ್ಚು ಬರುತ್ತದೆ.

ಪೆಟ್ರೋಲ್ ಪೈಪುಗಳನ್ನೂ ಈಗಲೇ ಬದಲಿಸು, ಎಥನಾಲ್ ತಡೆಯುವ ಹೋಸ್ ಕೇಳಿ ತಗೋ. ಹಳೇ ರಬ್ಬರ್ ಇ20ಗೆ ಮೆತ್ತಗಾಗಿ ಬಿರಿಯುತ್ತದೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಹನಿಯುವುದು ತಮಾಷೆ ಅಲ್ಲ.

ಇಂಜಿನ್ ಕಿರುಚಿದ್ದು ಯಾಕೆ ಗೊತ್ತಾಯ್ತಾ? ನಿನ್ನ ಮೆಕ್ಯಾನಿಕ್ ಎತ್ತಿಟ್ಟ ಐಡ್ಲಿಂಗ್ ಸ್ಕ್ರೂ ಇನ್ನೂ ಹಾಗೇ ಇದೆ. ಈಗ ಸ್ಕ್ರೂ ಮುಟ್ಟುವ ಹೊತ್ತು ಬಂತು.

ಇಂಜಿನ್ ಪೂರ್ತಿ ಬಿಸಿ ಇರಲಿ. ಎಸಿ, ಹೆಡ್‌ಲೈಟ್ ಆಫ್. ರೇಡಿಯೇಟರ್ ಫ್ಯಾನ್ ತಿರುಗುತ್ತಿದ್ದರೆ ನಿಲ್ಲುವವರೆಗೆ ಕಾಯಿ. ಇಂಜಿನ್ ಆಫ್ ಮಾಡಿ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ಕೂರಿಸು, ಬಿಗಿ ಮಾಡಬೇಡ. ಬಿಗಿ ಮಾಡಿದರೆ ಸೂಜಿ ತುದಿಯಲ್ಲಿ ಗೀರು ಬಿದ್ದು ಮತ್ತೆಂದೂ ಸರಿಯಾಗಿ ಸೆಟ್ ಆಗುವುದಿಲ್ಲ. ಅಲ್ಲಿಂದ ಎರಡು ಎರಡೂವರೆ ಸುತ್ತು ಹೊರಗೆ ತಂದು ಸ್ಟಾರ್ಟ್ ಮಾಡು. ಐಡ್ಲಿಂಗ್ ಸ್ಕ್ರೂ ಇಳಿಸಿ ಸುಮಾರು 850 ಆರ್‌ಪಿಎಂಗೆ ತಾ. ಈಗ ಮಿಕ್ಸ್ಚರ್ ಸ್ಕ್ರೂ ಅತ್ತ ಇತ್ತ ತಿರುಗಿಸಿ ಸದ್ದು ಎಲ್ಲಿ ಅತಿ ಹೆಚ್ಚು ಮತ್ತು ನಯ ಆಗುತ್ತದೋ ಅಲ್ಲಿ ನಿಲ್ಲಿಸು. ಮತ್ತೆ ಐಡ್ಲಿಂಗ್ ಇಳಿಸು. ಹೀಗೆ ಎರಡು ಮೂರು ಸಲ. ಟೈಮಿಂಗ್ ಲೈಟಿನಲ್ಲಿ ಆರ್‌ಪಿಎಂ ತೋರಿಸುವ ಥರದ್ದು ಇದ್ದರೆ ಕಿವಿಗೆ ಕೆಲಸ ಕಮ್ಮಿ.

ಪ್ಲಗ್ ಪುಟ್ಟ (ಮೈಸೂರು)

ಕಿವಿಗಿಂತ ಎಮಿಷನ್ ಟೆಸ್ಟ್ ಸೆಂಟರ್ ಒಳ್ಳೆಯದು. ಭಾರತ್ ಸ್ಟೇಜ್ 2 ಹೊಗೆ ನಿಯಮಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 3 ಪರ್ಸೆಂಟ್ ಒಳಗೆ, ಹೈಡ್ರೋಕಾರ್ಬನ್ 1500 ಪಿಪಿಎಂ ಒಳಗೆ ಇರಬೇಕು. ಜನ ಇಲ್ಲದ ಹೊತ್ತಲ್ಲಿ ಹೋಗಿ ಅವರನ್ನು ಕೇಳಿಕೊಂಡು, ಮಿಷನ್ ಪೈಪ್ ಸೈಲೆನ್ಸರ್‌ನಲ್ಲಿ ಇರುವಾಗಲೇ ಸ್ಕ್ರೂ ಸೆಟ್ ಮಾಡಿ. ಮಾನಾಕ್ಸೈಡ್ ಒಂದರಿಂದ ಎರಡರ ನಡುವೆ ಬಂದರೆ ಗಾಡಿಯೂ ಖುಷಿ, ಸರ್ಟಿಫಿಕೇಟೂ ಸಿಗುತ್ತದೆ. ಮಾನಾಕ್ಸೈಡ್ ತೀರಾ ಕಮ್ಮಿ, ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ತೋರಿಸಿದರೆ ಇನ್ನೂ ಲೀನ್ ಆಗಿ ಮಿಸ್ಸಿಂಗ್ ಇದೆ ಅಂತ ಲೆಕ್ಕ.

ಕಡಲತಡಿ ಝೆನ್ (ಮಂಗಳೂರು)

ಎಲ್ಲ ಆಯ್ತು. ಬೋಲ್ಟ್ ಹಾಕಿಸಿದೆ, ಕಿಟ್‌ನ ಅವಶೇಷ ಎಲ್ಲ ಹೊರಗೆ. ಎಮಿಷನ್ ಸೆಂಟರ್‌ನವರು ಒಳ್ಳೆಯವರು, ಅರ್ಧ ಗಂಟೆ ಮಿಷನ್ ಬಿಟ್ಟುಕೊಟ್ಟರು. ಮಾನಾಕ್ಸೈಡ್ 1.6ಕ್ಕೆ ನಿಲ್ಲಿಸಿದೆವು. ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ಮಧ್ಯಾಹ್ನದ ಬಿಸಿಲಲ್ಲೂ ಆಫ್ ಆಗಲಿಲ್ಲ.

ಒಂದು ಬಾಕಿ. ಎಸಿ ಹಾಕಿದರೆ ಈಗಲೂ ಸದ್ದು ಕುಸಿಯುತ್ತದೆ. ಆಫ್ ಆಗುವುದಿಲ್ಲ, ಆದರೆ ಗಾಡಿ ನಡುಗುತ್ತದೆ.

ಗ್ರೀಸ್ ಕೈ (ಶಿವಮೊಗ್ಗ)

ಎಸಿ ಕ್ಲಚ್ ಕೂತಾಗ ಒಂದು ಸಣ್ಣ ವ್ಯಾಕ್ಯೂಮ್ ವಾಲ್ವ್ ತೆರೆದು ಕಾರ್ಬೋರೇಟರ್ ಪಕ್ಕದ ಡಯಾಫ್ರಾಂ ಎಳೆಯಬೇಕು, ಅದು ಥ್ರಾಟಲ್ ಸ್ವಲ್ಪ ಎತ್ತುತ್ತದೆ. ಒಬ್ಬರು ಎಸಿ ಸ್ವಿಚ್ ಹಾಕಲಿ, ನೀನು ಆ ಕಡ್ಡಿ ಅಲ್ಲಾಡುತ್ತದಾ ನೋಡು. ಅಲ್ಲಾಡದಿದ್ದರೆ ಪೈಪ್ ಕಳಚಿದೆ, ಇಲ್ಲವೇ ಡಯಾಫ್ರಾಂ ತೂತು, ಇಲ್ಲವೇ ವಾಲ್ವ್‌ಗೆ ಕರೆಂಟ್ ಬರುತ್ತಿಲ್ಲ. ಅಲ್ಲಾಡಿದರೆ ಅದಕ್ಕೇ ಬೇರೆ ಸ್ಕ್ರೂ ಇದೆ, ಎಸಿ ಹಾಕಿಕೊಂಡೇ ಸೆಟ್ ಮಾಡು. ಮುಖ್ಯ ಸ್ಕ್ರೂ ಮುಟ್ಟಬೇಡ. ನಡುಕ ಅಂದೆಯಲ್ಲ, ಇಂಜಿನ್ ಮೌಂಟಿಂಗ್ ರಬ್ಬರ್ ಕೂಡ ನೋಡಿಸು.

ಕಡಲತಡಿ ಝೆನ್ (ಮಂಗಳೂರು)

ಪೈಪ್ ಕಳಚಿಯೇ ಇತ್ತು ಅಣ್ಣ! ಸಿಕ್ಕಿಸಿದೆ, ಈಗ ಎಸಿ ಹಾಕಿದರೆ ಸದ್ದು ಸ್ವಲ್ಪ ಏರುತ್ತದೆ.

ಹುಬ್ಬಳ್ಳಿ ಕಾಕಾ

ಶಾಭಾಷ್. ಇನ್ನೊಂದು ನೋಡಿಕೊಳ್ರಿ. ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಮತ್ತು ಎಲ್‌ಪಿಜಿ ಎಂದು ಇದೆಯಾ? ಕಿಟ್ ತೆಗೆಸಿದ್ದನ್ನು ಮಾವನವರು ಆರ್‌ಟಿಒದಲ್ಲಿ ಬರೆಸಿರಲಿಕ್ಕಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಇಂಥ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಬೇಕು. 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗಲೇಬೇಕು. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇದ್ದರೆ ಇನ್ಸ್‌ಪೆಕ್ಟರ್ ಅಲ್ಲೇ ನಿಲ್ಲಿಸುತ್ತಾರೆ.

ಕಡಲತಡಿ ಝೆನ್ (ಮಂಗಳೂರು)

ಈಗ ತೆಗೆದು ನೋಡಿದೆ ಕಾಕಾ. ಎಲ್‌ಪಿಜಿ ಎಂದೇ ಉಂಟು. ಎಫ್‌ಸಿ ಮುಂದಿನ ವರ್ಷ. ಹೇಗೂ ಹೆಸರು ವರ್ಗಾವಣೆ ಮಾಡಿಸಬೇಕು, ಎರಡೂ ಒಟ್ಟಿಗೆ ಅರ್ಜಿ ಹಾಕಬಹುದಾ ಎಂದು ಸೋಮವಾರ ಆರ್‌ಟಿಒದಲ್ಲಿ ವಿಚಾರಿಸುತ್ತೇನೆ.